ಎರಡನೇ ಸಲ ರಿಂಗ್ ಹತ್ತಿದಾಗ

2024ರ ಡಿಸೆಂಬರ್ 22, ಭಾನುವಾರ. ಧನುರ್ಮಾಸದ ಚಳಿ. ರಾಜಾಜಿನಗರದ ನಮ್ಮ ಬೀದಿಗೆ ಹಾಲಿನವನೂ ಬಂದಿರಲಿಲ್ಲ, ದೇವಸ್ಥಾನದ ಮೈಕೂ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಎದುರು ಮನೆಯಲ್ಲಿ ಮಾತ್ರ ದೀಪ ಉರಿಯುತ್ತಿತ್ತು. ಒಳಗೆ ಶಾಲು ಹೊದ್ದ ತಾತ, ಕಂಬಳಿ ಹೊದ್ದ ಮೊಮ್ಮಗ, ಇಬ್ಬರ ನಡುವೆ ಒಂದು ಲ್ಯಾಪ್‌ಟಾಪ್. ಸೌದಿ ಅರೇಬಿಯದ ರಿಯಾದ್‌ನಲ್ಲಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಮತ್ತು ಇಂಗ್ಲೆಂಡಿನ ಟೈಸನ್ ಫ್ಯೂರಿ ಹೆವಿವೇಟ್ ಪಟ್ಟಕ್ಕಾಗಿ ಎರಡನೇ ಬಾರಿ ಗುದ್ದಾಡುತ್ತಿದ್ದರು.

ತಾತ ಒಂದು ಕಾಲಕ್ಕೆ ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಮೊಮ್ಮಗ ಬಸವೇಶ್ವರನಗರದ ಕಾಲೇಜಿನಲ್ಲಿ ಪಿಯುಸಿ. ತಾತನದು ಫ್ಯೂರಿ ಪಕ್ಷ, ಮೊಮ್ಮಗನದು ಉಸಿಕ್ ಪಕ್ಷ. ಪಂದ್ಯ ಹನ್ನೆರಡು ಸುತ್ತಿಗೆ ಮುಗಿಯಿತು. ಇವರ ಪಂದ್ಯ ಮುಗಿಯಲಿಲ್ಲ. ಭಾಷ್ಯಂ ವೃತ್ತದ ಕಡೆಯ ದರ್ಶಿನಿಯಲ್ಲಿ ಇಡ್ಲಿ ತಿನ್ನುವಾಗಲೂ ಅದೇ ಮಾತು. ಪಕ್ಕದಲ್ಲಿ ಕಾಫಿ ಹೀರುತ್ತಿದ್ದ ಇಬ್ಬರು ಅಪರಿಚಿತರೂ ಸೇರಿಕೊಂಡರು. ಕ್ರಿಕೆಟ್ಟೇ ಉಸಿರಾಗಿರುವ ಈ ಊರಿನಲ್ಲಿ ಬಾಕ್ಸಿಂಗ್ ಅಭಿಮಾನಿಗಳು ಹೀಗೆ ಒಬ್ಬರನ್ನೊಬ್ಬರು ವಾಸನೆ ಹಿಡಿದೇ ಪತ್ತೆ ಮಾಡಬೇಕು!

"ಮೊದಲನೇ ಸಲವೇ ಫ್ಯೂರಿಗೆ ಅನ್ಯಾಯ ಆಗಿತ್ತು ಕಣೋ" ಎಂದು ತಾತ ಶುರು ಮಾಡಿದರು.

"ಅನ್ಯಾಯ ಅಲ್ಲ ತಾತ, ಲೆಕ್ಕ" ಎಂದ ಮೊಮ್ಮಗ, ಬಿಲ್ಲಿನ ಹಿಂದೆ ಪೆನ್ನು ಓಡಿಸುತ್ತ.

ಆ ಲೆಕ್ಕ ನಿಜಕ್ಕೂ ಸ್ವಾರಸ್ಯದ್ದು. ಹನ್ನೆರಡು ಸುತ್ತು, ಮೂವರು ತೀರ್ಪುಗಾರರು. ಪ್ರತಿ ಸುತ್ತು ಗೆದ್ದವನಿಗೆ 10, ಸೋತವನಿಗೆ 9. ಒಬ್ಬ ಬಿದ್ದು ರೆಫರಿ ಎಣಿಕೆ ಶುರು ಮಾಡಿದರೆ ಬಿದ್ದವನಿಗೆ ಸಾಮಾನ್ಯವಾಗಿ 8 ಮಾತ್ರ. 2024ರ ಮೇ 18ರ ಮೊದಲ ಪಂದ್ಯದ ಒಂಬತ್ತನೇ ಸುತ್ತಿನಲ್ಲಿ ಉಸಿಕ್‌ನ ಎಡಗೈ ಏಟುಗಳಿಗೆ ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ತೂರಾಡಿದ. ನೆಲಕ್ಕೆ ಬೀಳಲಿಲ್ಲ, ಆದರೆ ಹಗ್ಗ ಇಲ್ಲದಿದ್ದರೆ ಬೀಳುತ್ತಿದ್ದ ಎಂದು ರೆಫರಿ ಎಣಿಕೆ ಹಾಕಿದರು. ಕೊನೆಗೆ ಒಬ್ಬ ತೀರ್ಪುಗಾರರು ಉಸಿಕ್‌ಗೆ 115-112, ಇನ್ನೊಬ್ಬರು ಫ್ಯೂರಿಗೆ 114-113, ಮೂರನೆಯವರು ಉಸಿಕ್‌ಗೆ 114-113 ಕೊಟ್ಟರು. ಈ ಮೂರನೇ ಚೀಟಿಯನ್ನು ಬಿಡಿಸಿ ನೋಡಿ: ಇಬ್ಬರೂ ಆರಾರು ಸುತ್ತು ಗೆದ್ದಿದ್ದಾರೆ! ವ್ಯತ್ಯಾಸ ಆ ಒಂದು ಎಣಿಕೆಯದು. ಅದು ಇಲ್ಲದೆ ಆ ಸುತ್ತು 10-9 ಆಗಿದ್ದರೆ ಮೂರನೇ ಚೀಟಿ 114-114, ಒಬ್ಬರು ಅವನಿಗೆ, ಒಬ್ಬರು ಇವನಿಗೆ, ಒಬ್ಬರು ಸಮ, ಪಂದ್ಯವೇ ಡ್ರಾ. ಲೆನಾಕ್ಸ್ ಲೂಯಿಸ್ ನಂತರ ಕಾಲು ಶತಮಾನ ಯಾರಿಗೂ ಸಿಗದಿದ್ದ ಹೆವಿವೇಟ್‌ನ ಅವಿವಾದಿತ ಪಟ್ಟ ಅವತ್ತು ಒಂದು ಅಂಕದ ಮೇಲೆ ನಿಂತಿತ್ತು. ಸಿಇಟಿಯಲ್ಲಿ ಒಂದು ಅಂಕದ ಬೆಲೆ ಏನೆಂದು ಗೊತ್ತಿರುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮರುಪಂದ್ಯ ಬೇಕೇ ಬೇಕಾಗಿದ್ದು ಅದಕ್ಕೇ. ಎರಡನೇ ಸಲ ಮೂವರೂ ಒಂದೇ ಅಂಕ ಬರೆದರು: ಉಸಿಕ್‌ಗೆ 116-112. ಎಂಟು ಸುತ್ತು ಇವನದು, ನಾಲ್ಕು ಅವನದು. ಫ್ಯೂರಿ ಆಗಲೂ ಒಪ್ಪಲಿಲ್ಲ. ತಾತನೂ ಒಪ್ಪಲಿಲ್ಲ.

ತಾತನ ವಾದಕ್ಕೆ ಆಧಾರ ಇಲ್ಲದೆ ಇರಲಿಲ್ಲ. ಫ್ಯೂರಿಯ ಎತ್ತರ ಆರಡಿ ಒಂಬತ್ತಿಂಚು, ಉಸಿಕ್‌ನದು ಆರಡಿ ಮೂರು. ತೋಳು ಚಾಚಿದರೆ ಫ್ಯೂರಿಯದು ಏಳು ಇಂಚು ಜಾಸ್ತಿ. ಅದೂ ಸಾಲದೆಂಬಂತೆ ಮರುಪಂದ್ಯಕ್ಕೆ ಅವನು 281 ಪೌಂಡ್ ತೂಗಿದ, ಬಟ್ಟೆ ಸಮೇತ. ಉಸಿಕ್ 226. ಅಂತರ 25 ಕಿಲೋ, ಅಂದರೆ ಒಂದು ಅಕ್ಕಿ ಮೂಟೆ! ಆ ಮೂಟೆಯನ್ನು ಎದುರಾಳಿಯ ಹೆಗಲ ಮೇಲೆ ಹೇರುವುದೇ ತಂತ್ರ ಎಂದು ತಾತನ ಅಂದಾಜು. ಹಿಂದೆ ಫಲಿಸಿದ ತಂತ್ರವೂ ಹೌದು. 2018ರಲ್ಲಿ ಅಮೆರಿಕದ ಡಿಯಾಂಟೆ ವೈಲ್ಡರ್ ಜೊತೆ ಡ್ರಾ ಮಾಡಿಕೊಂಡಿದ್ದ ಫ್ಯೂರಿ, 2020ರ ಮರುಪಂದ್ಯಕ್ಕೆ ಏಳೂವರೆ ಕಿಲೋ ಹೆಚ್ಚಿಸಿಕೊಂಡು ಬಂದ. ಮೊದಲ ಸಲ ಹಿಂದೆ ಹಿಂದೆ ಸರಿಯುತ್ತ ಆಡಿದ್ದವನು ಈ ಸಲ ಮುನ್ನುಗ್ಗಿದ, ಅಪ್ಪಿಕೊಂಡಾಗಲೆಲ್ಲ ಮೈಭಾರ ಬಿಟ್ಟ, ಏಳನೇ ಸುತ್ತಿಗೆ ಮುಗಿಸಿದ.

"ವೈಲ್ಡರ್ ಎದುರಿಗೆ ನಿಲ್ತಾನೆ ತಾತ, ಉಸಿಕ್ ನಿಲ್ಲೋದೇ ಇಲ್ವಲ್ಲ?" ಎಂದ ಮೊಮ್ಮಗ.

ಹುಡುಗ ಹೇಳಿದ್ದರಲ್ಲಿ ತಿರುಳಿದೆ. ಉಸಿಕ್ ಎಡಚ. ಬಲಗಾಲು ಮುಂದಿಟ್ಟು ನಿಲ್ಲುವವನು. ಎದುರಾಳಿಯ ಎಡಗಾಲು ಮುಂದೆ. ಹೀಗೆ ಎದುರುಬದುರಾದಾಗ ಮುಂಗಾಲುಗಳೆರಡೂ ಒಂದಕ್ಕೊಂದು ತಾಕುವಂತಿರುತ್ತವೆ. ಯಾರು ತನ್ನ ಪಾದವನ್ನು ಇನ್ನೊಬ್ಬನ ಪಾದದ ಹೊರಬದಿಗೆ ಇಡುತ್ತಾನೋ ಅವನ ಹಿಂಗೈಗೆ ನೇರ ದಾರಿ ಸಿಗುತ್ತದೆ, ಎದುರಾಳಿಯ ಹಿಂಗೈ ದೂರವಾಗುತ್ತದೆ. ನೋಡುವವರ ಕಣ್ಣು ಕೈಯ ಮೇಲಿರುತ್ತದೆ. ಪಂದ್ಯ ನಡೆಯುವುದು ಕಾಲಿನಲ್ಲಿ. ಉಸಿಕ್ ಅರ್ಧ ಹೆಜ್ಜೆ, ಅರ್ಧ ಹೆಜ್ಜೆ ಸರಿಯುತ್ತಲೇ ಹೊಟ್ಟೆಗೆ ಒಂದು, ಮುಖಕ್ಕೆ ಎಡಗೈ ಒಂದು ಕೊಟ್ಟು ಜಾಗ ಬದಲಿಸುತ್ತಿದ್ದ. ಮೂಟೆ ಹೇರಬೇಕೆಂದರೆ ಹೆಗಲು ಒಂದೆಡೆ ಇರಬೇಕಷ್ಟೆ! ಏಟು ಎಣಿಸುವ ಕಂಪ್ಯೂಬಾಕ್ಸ್‌ನವರ ಪ್ರಕಾರ ಮರುಪಂದ್ಯದಲ್ಲಿ ಫ್ಯೂರಿ 509 ಏಟು ಬೀಸಿ 144 ತಾಕಿಸಿದ. ಉಸಿಕ್ 423 ಬೀಸಿ 179 ತಾಕಿಸಿದ. ಬೀಸಿದ್ದು ಕಡಿಮೆ, ತಾಗಿದ್ದು ಹೆಚ್ಚು. ನನ್ನ ಮಟ್ಟಿಗೆ ವಾದ ಅಲ್ಲಿಗೇ ಮುಗಿಯುತ್ತದೆ. ತಾತನ ಮಟ್ಟಿಗೆ ಇಲ್ಲ.

ಅವರು ಆಲಿ ಕಾಲದವರು. 1978ರ ಫೆಬ್ರವರಿಯಲ್ಲಿ ವೃತ್ತಿಪರನಾಗಿ ಕೇವಲ ಎಂಟನೇ ಪಂದ್ಯವಾಡುತ್ತಿದ್ದ ಲಿಯಾನ್ ಸ್ಪಿಂಕ್ಸ್ ಎದುರು ಮಹಮದ್ ಆಲಿ ಸೋತಾಗ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟ ಸೇರಲಿಲ್ಲವಂತೆ. ಸರಿಯಾಗಿ ತಾಲೀಮು ಮಾಡದೆ ಬಂದ ಆಲಿ ಹಗ್ಗಕ್ಕೆ ಒರಗಿ ಹುಡುಗ ದಣಿಯಲೆಂದು ಕಾದ, ಹುಡುಗ ದಣಿಯಲಿಲ್ಲ. ಅದೇ ಸೆಪ್ಟೆಂಬರ್ 15ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಮತ್ತೆ ಎದುರಾದಾಗ ಆಲಿ ಹಗ್ಗದ ಕಡೆ ಹೋಗಲೇ ಇಲ್ಲ. ಎಡಗೈ ಜಾಬ್, ಒಂದೆರಡು ಏಟು, ತಕ್ಷಣ ಕುತ್ತಿಗೆ ಹಿಡಿದು ಅಪ್ಪುಗೆ, ಮತ್ತೆ ದೂರ. ಹದಿನೈದು ಸುತ್ತು ಹೀಗೇ. ನೋಡಲು ಅಂಥ ಚೆಂದವೇನೂ ಇರಲಿಲ್ಲ. ಆದರೆ 36ರ ವಯಸ್ಸಿನಲ್ಲಿ ಮೂರನೇ ಬಾರಿಗೆ ಪಟ್ಟ ಬಂತು. ರಿಯಾದ್‌ನಲ್ಲಿ ಫ್ಯೂರಿಯ ವಯಸ್ಸೂ 36 ಎಂಬುದು ತಾತನ ಕೊನೆಯ ಅಸ್ತ್ರ.

ಮರುಪಂದ್ಯ ಎಂದರೆ ಮೊದಲ ಪಂದ್ಯದ ಉತ್ತರ ಪತ್ರಿಕೆಯನ್ನು ಇಬ್ಬರೂ ವಾಪಸು ಪಡೆದಂತೆ. ಯಾರು ಅದನ್ನು ಚೆನ್ನಾಗಿ ಓದಿಕೊಂಡರು ಎಂಬುದೇ ಪ್ರಶ್ನೆ. ಇದಕ್ಕೆ ಹಳೆಯ ಉದಾಹರಣೆ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಮತ್ತು ಅಮೆರಿಕದ ಜೋ ಲೂಯಿಸ್. ಲೂಯಿಸ್ ಎಡಗೈ ಜಾಬ್ ಹೊಡೆದ ಮೇಲೆ ಆ ಕೈಯನ್ನು ಕೆಳಗೆ ಇಳಿಸುತ್ತಾನೆ, ಆ ಕ್ಷಣ ಅವನ ಕೆನ್ನೆ ಖಾಲಿ, ಎಂಬುದನ್ನು ಷ್ಮೆಲಿಂಗ್ ಮೊದಲೇ ಗುರುತಿಸಿಕೊಂಡಿದ್ದ. 1936ರ ಜೂನ್ 19ರಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಆ ಒಂದೇ ತಪ್ಪಿಗೆ ಬಲಗೈ ಹಾಕಿ ಹಾಕಿ ಹನ್ನೆರಡನೇ ಸುತ್ತಿನಲ್ಲಿ ಮಲಗಿಸಿದ. ಎರಡು ವರ್ಷ ಲೂಯಿಸ್ ಸುಮ್ಮನೆ ಕೂರಲಿಲ್ಲ. ನಡುವೆ ವಿಶ್ವ ಚಾಂಪಿಯನ್ ಆದ. 1938ರ ಜೂನ್ 22ರಂದು ಅದೇ ಕ್ರೀಡಾಂಗಣದಲ್ಲಿ, ಹಿಟ್ಲರನ ಜರ್ಮನಿಗೂ ಅಮೆರಿಕಕ್ಕೂ ನಡುವಿನ ಕಾಳಗವೆಂದೇ ಜಗತ್ತು ಕಾದು ಕುಳಿತಿದ್ದಾಗ, ಲೆಕ್ಕ ಚುಕ್ತಾ ಮಾಡಲು ಲೂಯಿಸ್‌ಗೆ ಬೇಕಾದದ್ದು 124 ಸೆಕೆಂಡ್.

ಉತ್ತರ ಪತ್ರಿಕೆಯನ್ನು ತೆರೆದೂ ನೋಡದವರಿದ್ದಾರೆ. 2019ರ ಜೂನ್‌ನಲ್ಲಿ ಆಂಟನಿ ಜೋಶುವಾನನ್ನು ಏಳನೇ ಸುತ್ತಿನಲ್ಲಿ ಕೆಡವಿ ಆಂಡಿ ರೂಯಿಸ್ ಜಗತ್ತಿಗೇ ಬೆರಗು ಹುಟ್ಟಿಸಿದ. ಡಿಸೆಂಬರಿನ ಮರುಪಂದ್ಯಕ್ಕೆ ಅವನು ಏಳು ಕಿಲೋ ಹೆಚ್ಚಿ ಬಂದ. ಆದರೆ ಅದು ಫ್ಯೂರಿಯಂತೆ ಲೆಕ್ಕ ಹಾಕಿ ಏರಿಸಿದ ತೂಕವಲ್ಲ, ಔತಣಗಳ ತೂಕ. ತಾಲೀಮು ಸಾಲದಾಯಿತೆಂದು ಅವನೇ ಒಪ್ಪಿಕೊಂಡ. ಜೋಶುವಾ ನಾಲ್ಕೂವರೆ ಕಿಲೋ ಇಳಿಸಿಕೊಂಡು ದೂರದಿಂದಲೇ ಜಾಬ್ ಹೊಡೆದು ಹನ್ನೆರಡು ಸುತ್ತು ಓಡಾಡಿಬಿಟ್ಟ. ಇನ್ನು ಮೈಕ್ ಟೈಸನ್ 1997ರ ಜೂನ್ 28ರ ಮರುಪಂದ್ಯದಲ್ಲಿ ಹೋಲಿಫೀಲ್ಡ್‌ನ ಕಿವಿ ಕಚ್ಚಿದ ಕಥೆ ಎಲ್ಲರಿಗೂ ಗೊತ್ತು. ಅದನ್ನು ತಂತ್ರದ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ.

ನಮ್ಮಲ್ಲೂ ಗುದ್ದಿನ ಕಾಳಗ ಹೊಸದಲ್ಲ. ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯಂದು ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗದಲ್ಲಿ ಸುತ್ತೂ ಇಲ್ಲ, ಅಂಕವೂ ಇಲ್ಲ. ತಲೆಯಿಂದ ಮೊದಲ ರಕ್ತದ ಹನಿ ಚಿಮ್ಮಿದರೆ ಮುಗಿಯಿತು, ಹಲವು ಸಲ ನಿಮಿಷದೊಳಗೇ. ಅಲ್ಲಿ ಚೀಟಿ ಬಿಡಿಸಿ ಜಗಳವಾಡುವ ಪ್ರಶ್ನೆಯೇ ಬರುವುದಿಲ್ಲ. ಭಾರತದ ಹೆವಿವೇಟ್ ಎಂದರೆ ತಾತನಿಗೆ ಪಂಜಾಬಿನ ಕೌರ್ ಸಿಂಗ್: 1980ರ ಜನವರಿಯಲ್ಲಿ ದೆಹಲಿಯಲ್ಲಿ ಆಲಿ ಜೊತೆಗೇ ನಾಲ್ಕು ಸುತ್ತಿನ ಪ್ರದರ್ಶನ ಪಂದ್ಯ ಆಡಿದವರು, 1982ರ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದವರು. ಮೊಮ್ಮಗನಿಗೆ ಸತೀಶ್ ಕುಮಾರ್. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮುಖಕ್ಕೆ 13 ಹೊಲಿಗೆ ಹಾಕಿಸಿಕೊಂಡು ಕ್ವಾರ್ಟರ್‌ಫೈನಲ್‌ಗೆ ಇಳಿದು ಸೋತ ಸೂಪರ್ ಹೆವಿವೇಟ್.

"ಹದಿಮೂರು ಹೊಲಿಗೆಯಾ?"

ಕೇಳಿದ್ದು ಹುಡುಗನ ತಾಯಿ. ಅಂದು ಸಂಜೆ ಅವರ ಮನೆಯಲ್ಲೇ ಮಾತು ಮುಂದುವರಿದಿತ್ತು. ಇಷ್ಟು ಹೊತ್ತು ಅಡುಗೆಮನೆಯಿಂದ ಕಿವಿ ಮಾತ್ರ ಕೊಟ್ಟಿದ್ದ ಆಕೆ ಈಗ ಬಂದು ಕುಳಿತರು. ವಿಷಯ ಇಷ್ಟು: ವಿಜಯನಗರದ ಕಡೆಯ ಒಂದು ಜಿಮ್‌ನಲ್ಲಿ ಬಾಕ್ಸಿಂಗ್ ಕಲಿಯಲು ಸೇರುತ್ತೇನೆಂದು ಮಗ ಫಾರಂ ತಂದಿಟ್ಟಿದ್ದ. ಪೋಷಕರ ಸಹಿ ಬಾಕಿ.

"ಮಾವ, ನಿಮ್ಮ ಆಲಿಗೆ ಕೊನೆಗೆ ಏನಾಯ್ತು ಅಂತ ನೀವೇ ಹೇಳಿ."

ತಾತ ಸ್ವಲ್ಪ ಹೊತ್ತು ಮಾತಾಡಲಿಲ್ಲ. 1984ರಲ್ಲಿ, ಆಲಿಗೆ 42 ವರ್ಷವಾಗಿದ್ದಾಗ, ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಯಿತು. 2016ರಲ್ಲಿ ತೀರಿಕೊಳ್ಳುವವರೆಗೂ ಅದು ಬಿಡಲಿಲ್ಲ. ಏಟುಗಳೇ ಕಾರಣವೇ ಎಂಬ ಚರ್ಚೆ ಇನ್ನೂ ಇದೆ. ತಲೆಗೆ ಪದೇ ಪದೇ ಬೀಳುವ ಏಟು ಮಿದುಳಿಗೆ ಕೇಡು ಎಂಬುದರಲ್ಲಿ ವೈದ್ಯರಿಗೆ ಅನುಮಾನವಿಲ್ಲ. ಆಕೆಯ ಭಯಕ್ಕೆ ಇನ್ನೂ ಹತ್ತಿರದ ಕಾರಣವಿತ್ತು. 2022ರ ಜುಲೈನಲ್ಲಿ ಜ್ಞಾನಭಾರತಿ ಪೊಲೀಸ್ ಠಾಣೆಯ ಸರಹದ್ದಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಏಟು ತಿಂದು ಕುಸಿದ ಯುವಕನೊಬ್ಬ ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಅಲ್ಲಿ ತುರ್ತು ಚಿಕಿತ್ಸೆಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರು ಕೊಟ್ಟರು. ನಮ್ಮ ಪಶ್ಚಿಮ ಬೆಂಗಳೂರಿನ ಎಷ್ಟೋ ತಾಯಂದಿರು ಆ ಸುದ್ದಿಯನ್ನು ಮರೆತಿಲ್ಲ.

ಹಾಗೆಂದು ಬಾಕ್ಸಿಂಗ್ ಎಲ್ಲ ಒಂದೇ ಅಲ್ಲ. ವೃತ್ತಿಪರರು ಹನ್ನೆರಡು ಸುತ್ತು ಆಡಿದರೆ ಒಲಿಂಪಿಕ್ ಶೈಲಿಯಲ್ಲಿ ಮೂರೇ ಸುತ್ತು. ಹಿರಿಯ ಪುರುಷರ ವಿಭಾಗದಲ್ಲಿ 2013ರಲ್ಲಿ ತಲೆಗವಚ ತೆಗೆದರೂ ಕಿರಿಯರಿಗೆ ಉಳಿಸಿಕೊಂಡಿದ್ದಾರೆ. ತಲೆಗೆ ಏಟು ಬಿದ್ದು ಪಂದ್ಯ ನಿಂತರೆ ಕನಿಷ್ಠ ಒಂದು ತಿಂಗಳು ರಿಂಗ್ ಹತ್ತುವಂತಿಲ್ಲ. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿರುವ (ನಮ್ಮ ಮಾರುತಿ ಮಂದಿರದ ವಿಜಯನಗರವಲ್ಲ!) ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಪಳಗಿದ ನಿಶಾಂತ್ ದೇವ್ 2023ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ಗೆದ್ದ. ಅಲ್ಲಿ ವೈದ್ಯರು, ಫಿಸಿಯೊ ಎಲ್ಲ ಇದ್ದಾರೆ. ಗಲ್ಲಿ ಜಿಮ್‌ಗಳಲ್ಲಿ ಏನಿದೆ ಎಂಬುದನ್ನು ಹೋಗಿಯೇ ನೋಡಬೇಕು.

ತಾಯಿ ಹೋಗಿ ನೋಡಿ ಬಂದರು. ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಪ್ರಶ್ನೆ ಬರೆದುಕೊಂಡು ಹೋಗಿದ್ದರು. ಹೊಸಬರಿಗೆ ಎಷ್ಟು ದಿನ ಎದುರಾಳಿ ಇಲ್ಲ? ಎರಡು ತಿಂಗಳು ಹಗ್ಗ ಹಾರುವುದು, ಕಾಲಿನ ಚಲನೆ, ಮರಳಿನ ಚೀಲ, ಅಷ್ಟೇ. ಸ್ಪಾರಿಂಗ್‌ನಲ್ಲಿ ತೂಕ, ವಯಸ್ಸು ಹೊಂದಿಸುತ್ತೀರಾ? ಹೊಂದಿಸುತ್ತೇವೆ. ತಲೆ ಸುತ್ತಿದೆ ಎಂದು ಹುಡುಗ ಹೇಳಿದರೆ ಯಾರು ನೋಡುತ್ತಾರೆ, ಯಾವ ಆಸ್ಪತ್ರೆಗೆ, ಎಷ್ಟು ನಿಮಿಷದಲ್ಲಿ? ಇಲ್ಲಿ ತರಬೇತುದಾರರು ಸ್ವಲ್ಪ ತಡವರಿಸಿದರಂತೆ. ಡಾಕ್ಟರು ವಾರದ ದಿನ ಸಂಜೆ ಪಕ್ಕದ ಕ್ಲಿನಿಕ್ಕಿನಲ್ಲಿ ಇರುತ್ತಾರೆ, ಭಾನುವಾರ ಮಾತ್ರ ಇರುವುದಿಲ್ಲ ಎಂದರು.

"ಹಾಗಾದ್ರೆ ಭಾನುವಾರ ಇವನಿಗೆ ಸ್ಪಾರಿಂಗ್ ಇಲ್ಲ. ಅದನ್ನ ಫಾರಂನಲ್ಲೇ ಬರೆದುಕೊಡಿ" ಎಂದು ಹೇಳಿ ಬಂದಿದ್ದಾರೆ. ಬರೆದುಕೊಟ್ಟ ಮೇಲೆ ಸಹಿ. ಅಲ್ಲಿಯವರೆಗೆ ಹುಡುಗ ಮಹಡಿಯ ಮೇಲೆ ಹಗ್ಗ ಹಾರುತ್ತಿದ್ದಾನೆ. ತಾತ ಕುರ್ಚಿ ಹಾಕಿಕೊಂಡು ಎಣಿಸುತ್ತಿದ್ದಾರೆ. ನಡುನಡುವೆ ಫ್ಯೂರಿ ಮಾತು ತೆಗೆದು ಎಣಿಕೆ ತಪ್ಪುತ್ತಿದ್ದಾರೆ.