ದಾದಿ ಬಿಡಿಸಿ ಹೇಳಿದ ನೂರು ಕವಿತೆ

ಜಪಾನಿನ ಚಿತ್ರಕಾರ ಹೊಕುಸಾಯ್ ಎಂದರೆ ಬಹಳ ಜನರಿಗೆ ನೆನಪಾಗುವುದು ಆತನ ‘ದೊಡ್ಡ ಅಲೆ’ಯ ಚಿತ್ರವೊಂದೇ. 75ರ ವಯಸ್ಸಿನ ಆಸುಪಾಸಿನಲ್ಲಿ, 1835–36ರ ಹೊತ್ತಿಗೆ, ಆತ ಕೈಹಚ್ಚಿದ ಇನ್ನೊಂದು ಚಿತ್ರಮಾಲಿಕೆಗೆ ಅಷ್ಟು ಪ್ರಚಾರ ಸಿಕ್ಕಿಲ್ಲ. ನನಗಂತೂ ಅಲೆಗಿಂತ ಅದೇ ಇಷ್ಟ. ಮಕ್ಕಳನ್ನು ಆಡಿಸುವ ದಾದಿಯೊಬ್ಬಳು ನೂರು ಕವಿತೆಗಳನ್ನು ಚಿತ್ರದಲ್ಲಿ ಬಿಡಿಸಿ ಹೇಳುವುದು ಅದರ ಕಲ್ಪನೆ.

ಆ ನೂರು ಕವಿತೆಗಳು ಜಪಾನಿನಲ್ಲಿ ಮನೆಮಾತು. 13ನೇ ಶತಮಾನದಲ್ಲಿ ಫುಜಿವಾರ ನೊ ತೇಕಾ ಎಂಬ ಕವಿ ನೂರು ಕವಿಗಳಿಂದ ಒಂದೊಂದನ್ನು ಆರಿಸಿ ಕಟ್ಟಿದ ಸಂಕಲನವದು. ಒಂದೊಂದೂ 31 ಮಾತ್ರೆಯ ಪುಟ್ಟ ರಚನೆ. ಬರೆದವರು ಚಕ್ರವರ್ತಿಗಳು, ಅರಮನೆಯ ಹೆಂಗಸರು, ಸನ್ಯಾಸಿಗಳು. ಅವನ್ನು ಪೇಟೆಯವರ ಮನೆಗೆ ತಂದದ್ದರಲ್ಲಿ ಎಲೆಗಳ ಆಟದ ಪಾಲೂ ಇದೆ: ಒಬ್ಬರು ಕವಿತೆ ಓದುತ್ತಾರೆ, ಅದರ ಕೊನೆಯ ಸಾಲುಗಳಿರುವ ಎಲೆಯನ್ನು ಉಳಿದವರು ಹುಡುಕಿ ಗಬಕ್ಕನೆ ಎತ್ತಿಕೊಳ್ಳಬೇಕು.

ದಾದಿಗೆ ಕಂಡದ್ದೇ ಅರ್ಥ. ಮೊದಲ ಕವಿತೆ ತೆಂಜಿ ಚಕ್ರವರ್ತಿಯದು. ಗದ್ದೆ ಕಾಯುವ ಗುಡಿಸಲಿನಲ್ಲಿ ಇಬ್ಬನಿಗೆ ತೋಳು ನೆನೆಯುವ ಮಾತು ಅದರಲ್ಲಿದೆ. ಚಿತ್ರದಲ್ಲಿ ಚಕ್ರವರ್ತಿಯ ಸುಳಿವಿಲ್ಲ, ರೈತರು ತಮ್ಮ ಕೆಲಸದಲ್ಲಿದ್ದಾರೆ. ಸರುಮಾರು ಎಂಬ ಕವಿ ಜಿಂಕೆಯ ಕೂಗು ಕೇಳಿ ಮನಸ್ಸು ಭಾರ ಮಾಡಿಕೊಂಡರೆ, ಹೊಕುಸಾಯ್ ಬರೆದದ್ದು ಬುಟ್ಟಿ ಹೊತ್ತು ಮನೆಗೆ ಮರಳುವ ಹಳ್ಳಿಯ ಹೆಂಗಸರನ್ನು. ಜಿಂಕೆಗಳು ದೂರದ ಗುಡ್ಡದ ಮೇಲೆ! ಪಂಡಿತರು ಗೊಣಗಿಯಾರು, ಆದರೆ ಕವಿತೆಯನ್ನು ದುಡಿಯುವವರ ಕಡೆ ಹೊರಳಿಸಿದ್ದರಲ್ಲೇ ಈ ಮಾಲಿಕೆಯ ಜೀವವಿದೆ.

ಇಂಥ ಮರದಚ್ಚಿನ ಚಿತ್ರ ಒಬ್ಬನ ಕೈಕೆಲಸವಲ್ಲ. ಕಲಾವಿದ ತೆಳು ಕಾಗದದ ಮೇಲೆ ಮಸಿಯಲ್ಲಿ ಗೆರೆ ಬರೆದುಕೊಟ್ಟರೆ, ಕೆತ್ತುವವನು ಅದನ್ನು ಚೆರಿ ಮರದ ಹಲಗೆಗೆ ಮಗುಚಿ ಅಂಟಿಸಿ ಕಾಗದದ ಸಮೇತ ಕೊರೆಯುತ್ತಿದ್ದ. ಬಣ್ಣಗಳಿಗೆ ಬೇರೆ ಬೇರೆ ಅಚ್ಚು. ಅಚ್ಚಿನ ಅಂಚಿನಲ್ಲಿ ಕೊರೆದ ಗುರುತಿಗೆ ಕಾಗದ ಸರಿಯಾಗಿ ಕೂತರೆ ಬಣ್ಣ ಗೆರೆ ದಾಟದು. ಯಂತ್ರವಿಲ್ಲ; ಬಿದಿರಿನ ಹಾಳೆ ಸುತ್ತಿದ ‘ಬರೆನ್’ ಎಂಬ ಬಿಲ್ಲೆಯಿಂದ ಕಾಗದದ ಬೆನ್ನನ್ನು ಉಜ್ಜಿ ಅಚ್ಚು ತೆಗೆಯುವುದು. ದುಡ್ಡು ಹಾಕುವವನು ಪ್ರಕಾಶಕ.

ಆ ದುಡ್ಡೇ ಕೈಕೊಟ್ಟಿತು. ಅವು ಕ್ಷಾಮದ ವರ್ಷಗಳು. ಮೊದಲ ಪ್ರಕಾಶಕ ನಿಶಿಮುರಯಾ ಯೊಹಾಚಿ ಕೆಲವನ್ನಷ್ಟೇ ಹೊರತಂದ. ಇನ್ನೊಬ್ಬ ಪ್ರಕಾಶಕ ಮುಂದುವರಿಸಿದರೂ ಅಚ್ಚಾದದ್ದು 27 ಮಾತ್ರ. ಅಚ್ಚಿಗೆ ಹೋದ ರೇಖಾಚಿತ್ರಗಳು ಉಳಿಯ ಬಾಯಿಗೆ ಸಿಕ್ಕಿ ಮಾಯವಾದವು. ಅಚ್ಚಿಗೆ ಹೋಗದೆ ಉಳಿದ ಹತ್ತಾರು ರೇಖಾಚಿತ್ರಗಳಲ್ಲಿ ಬಹಳಷ್ಟು ಈಗ ವಾಷಿಂಗ್ಟನ್ನಿನ ಫ್ರೀರ್ ಗ್ಯಾಲರಿಯಲ್ಲಿವೆ.

ಈ ಮಾಲಿಕೆಯನ್ನು ಅಂತರ್ಜಾಲದಲ್ಲಿ ನೋಡಹೊರಟವರು ಕವಿತೆಯ ಅನುವಾದವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಇಲ್ಲದಿದ್ದರೆ ದಾದಿಯ ಅರ್ಧ ತಮಾಷೆ ತಪ್ಪಿಹೋಗುತ್ತದೆ.