ಉದರ ಶಸ್ತ್ರಚಿಕಿತ್ಸೆಯ ಕಲೆ: ಪರಿಹಾರದ ಮಾರ್ಗಗಳು

ಹೆರಿಗೆಗಾಗಿ, ಅಪೆಂಡಿಕ್ಸ್ ತೆಗೆಯಲು, ಕರುಳಿನ ತಡೆಯನ್ನು ಬಿಡಿಸಲು ಅಥವಾ ಗರ್ಭಕೋಶದ ಗೆಡ್ಡೆಗಾಗಿ ಹೊಟ್ಟೆಯನ್ನು ತೆರೆಯಬೇಕಾಗಿ ಬಂದಾಗ ಪ್ರಾಣರಕ್ಷಣೆಯೇ ಎಲ್ಲರ ಮೊದಲ ಕಾಳಜಿಯಾಗಿರುತ್ತದೆ. ಕಲೆಯ ಯೋಚನೆ ಬರುವುದು ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಮರಳಿದ ಮೇಲೆ. ಸೀರೆಯುಡುವ ಮಹಿಳೆಯ ಹೊಟ್ಟೆಯ ಒಂದು ಭಾಗ ಕಾಣಿಸುವುದು ಸಹಜವಾದುದರಿಂದ, ಹೊಕ್ಕುಳಿನ ಮೇಲಕ್ಕೂ ಹಾಯ್ದ ಕಲೆ ಆಕೆಯ ಉಡುಗೆಯ ರೀತಿಯನ್ನೇ ಬದಲಿಸಿಬಿಡಬಹುದು. ಆದರೂ ಅನೇಕರು ಇದನ್ನು ವೈದ್ಯರಲ್ಲಿ ಪ್ರಸ್ತಾಪಿಸಲು ಸಂಕೋಚಪಡುತ್ತಾರೆ. 'ಜೀವ ಉಳಿದದ್ದೇ ಹೆಚ್ಚು' ಎಂಬ ಮಾತು ಮನೆಯವರಿಂದಲೇ ಬರುವುದುಂಟು. ಹೀಗೆ ಬಾಯಿ ಬಿಡದವರೇ ಕೊನೆಗೆ ಜಾಹೀರಾತಿನ ಮುಲಾಮುಗಳಿಗೆ ಹಣ ತೆರುತ್ತಾರೆ. ಕಲೆಗೆ ಪರಿಹಾರ ಕೇಳುವುದು ಶೋಕಿಯೇನೂ ಅಲ್ಲ. ಸುಶ್ರುತ ಸಂಹಿತೆಯು ವ್ರಣಕ್ಕೆ ವಿಧಿಸುವ 60 ಉಪಕ್ರಮಗಳಲ್ಲಿ ತಗ್ಗಾದುದನ್ನು ಎತ್ತರಿಸುವ ಉತ್ಸಾದನ, ಉಬ್ಬಿದುದನ್ನು ತಗ್ಗಿಸುವ ಅವಸಾದನ, ಮಾಯ್ದ ಚರ್ಮದ ಬಣ್ಣವನ್ನು ಸರಿಪಡಿಸುವ ಕೃಷ್ಣಕರ್ಮ ಮತ್ತು ಪಾಂಡುಕರ್ಮಗಳೂ ಸೇರಿವೆ.

ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ಕಲೆಯನ್ನು ಪೂರ್ತಿಯಾಗಿ ಅಳಿಸಬಲ್ಲ ಚಿಕಿತ್ಸೆ ಇಲ್ಲ; ಅದನ್ನು ಮಟ್ಟಸವಾಗಿಸಬಹುದು, ತೆಳುವಾಗಿಸಬಹುದು, ಸುತ್ತಲಿನ ಬಣ್ಣಕ್ಕೆ ಹತ್ತಿರ ತರಬಹುದು. ಚರ್ಮದ ಒಳಪದರದವರೆಗೆ ಸೀಳಿದ ಗಾಯವನ್ನು ದೇಹವು ಮೊದಲಿನಂತಹ ಚರ್ಮದಿಂದಲ್ಲ, ಕೊಲಾಜನ್ ಎಂಬ ನಾರಿನಿಂದ ತೇಪೆ ಹಾಕಿ ಮುಚ್ಚುತ್ತದೆ. ಆರಂಭದ ತಿಂಗಳುಗಳಲ್ಲಿ ಈ ನಾರು ಅವಸರದಿಂದ, ಅಸ್ತವ್ಯಸ್ತವಾಗಿ ಶೇಖರವಾಗುವುದರಿಂದ ಕಲೆಯು ಕೆಂಪಗೆ ಅಥವಾ ಕಪ್ಪಗೆ, ಗಡುಸಾಗಿ, ತುರಿಕೆಯಿಂದ ಕೂಡಿರುತ್ತದೆ. ಆ ಬಳಿಕ ನಾರುಗಳು ನಿಧಾನವಾಗಿ ಮರುಜೋಡಣೆಗೊಳ್ಳುತ್ತವೆ. ಈ ಕ್ರಿಯೆ 12ರಿಂದ 18 ತಿಂಗಳುಗಳವರೆಗೆ ನಡೆಯಬಹುದು. ಮೂರನೆಯ ತಿಂಗಳಲ್ಲಿ ಕಂಡ ಕಲೆ ಅದರ ಕೊನೆಯ ರೂಪವಲ್ಲ. ಮರುಶಸ್ತ್ರಚಿಕಿತ್ಸೆಗೆ ಕನಿಷ್ಠ ಒಂದು ವರ್ಷ ಕಾಯಬೇಕೆಂದು ವೈದ್ಯರು ಹೇಳುವುದು ಇದರಿಂದಲೇ.

ಸೀಳಿನ ದಿಕ್ಕಿಗೂ ಕಲೆಯ ರೂಪಕ್ಕೂ ಸಂಬಂಧವುಂಟು. ಚರ್ಮದಲ್ಲಿ ಸಹಜ ಎಳೆತದ ರೇಖೆಗಳಿವೆಯೆಂದು ವಿಯೆನ್ನಾದ ಅಂಗರಚನಾ ತಜ್ಞ ಲ್ಯಾಂಗರ್ 1861ರಲ್ಲಿ ತೋರಿಸಿದನು. ಹೊಟ್ಟೆಯಲ್ಲಿ ಅವು ಬಹುಮಟ್ಟಿಗೆ ಅಡ್ಡಲಾಗಿವೆ. ಜರ್ಮನಿಯ ಸ್ತ್ರೀರೋಗ ತಜ್ಞ ಫಾನೆನ್‌ಸ್ಟೀಲ್ 1900ರಲ್ಲಿ ವಿವರಿಸಿದ, ಕಿಬ್ಬೊಟ್ಟೆಯ ಅಡ್ಡ ಸೀಳು ಇಂದು ಸಿಸೇರಿಯನ್ ಹೆರಿಗೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಅದರ ಕಲೆ ಸಾಮಾನ್ಯವಾಗಿ ತೆಳುವಾಗಿರುತ್ತದೆ, ಉಡುಪಿನಲ್ಲಿ ಮರೆಯಾಗುತ್ತದೆ. ತುರ್ತಿನಲ್ಲಿ ಹೊಟ್ಟೆಯ ಒಳಭಾಗವನ್ನೆಲ್ಲ ಪರೀಕ್ಷಿಸಬೇಕಾದಾಗ ನಡುವಿನ ಉದ್ದ ಸೀಳು ಅನಿವಾರ್ಯ. ಅದು ಎಳೆತಕ್ಕೆ ಸಿಕ್ಕಿ ಅಗಲವಾಗುವ ಸಂಭವ ಹೆಚ್ಚು. ಇದಕ್ಕಾಗಿ ಶಸ್ತ್ರವೈದ್ಯರನ್ನು ದೂರುವುದು ಸರಿಯಲ್ಲ.

ಉಬ್ಬಿದ ಕಲೆಗಳಲ್ಲಿ ಎರಡು ಬಗೆಯುಂಟು. ಇವುಗಳ ಭೇದವನ್ನು ಅರಿಯದೆ ಚಿಕಿತ್ಸೆಗೆ ತೊಡಗಿದರೆ ಅನಾಹುತವಾದೀತು. ಮೊದಲನೆಯದು ಗಾಯದ ಗಡಿಯೊಳಗೇ ದಪ್ಪಗಾಗಿ, ಕಾಲಕ್ರಮದಲ್ಲಿ ಒಂದಿಷ್ಟು ತಾನಾಗಿಯೇ ಇಳಿಯುವ ಉಬ್ಬುಗಲೆ. ಎರಡನೆಯದು ಕೀಲಾಯ್ಡ್. ಅದು ಗಾಯದ ಗಡಿಯನ್ನು ಮೀರಿ ಆರೋಗ್ಯವಂತ ಚರ್ಮಕ್ಕೂ ಹಬ್ಬುತ್ತದೆ, ತಾನಾಗಿ ಇಳಿಯುವುದು ಅಪರೂಪ. ಕಪ್ಪು ಮೈಬಣ್ಣದವರಲ್ಲಿಯೂ, ಮನೆತನದಲ್ಲಿ ಈ ಸ್ವಭಾವವಿರುವವರಲ್ಲಿಯೂ ಇದು ಹೆಚ್ಚು. ಕೀಲಾಯ್ಡನ್ನು ಬರಿದೆ ಕತ್ತರಿಸಿ ತೆಗೆದರೆ ಅದು ಬಹಳಷ್ಟು ಮಂದಿಯಲ್ಲಿ ಮರಳಿ ಬೆಳೆಯುತ್ತದೆ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿಯೇ. ಕಿವಿ ಚುಚ್ಚಿಸಿದ ಜಾಗದಲ್ಲಿ ಅಥವಾ ಹಳೆಯ ಮೊಡವೆಯ ಗುರುತಿನಲ್ಲಿ ಇಂತಹ ಗಂಟು ಬಂದಿದ್ದವರು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು.

ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಮಾಯ್ದ ಮೇಲೆ ಮನೆಯಲ್ಲಿಯೇ ಮಾಡಬಹುದಾದ ಆರೈಕೆಯಲ್ಲಿ ಸಿಲಿಕೋನ್ ಹಾಳೆ ಅಥವಾ ಸಿಲಿಕೋನ್ ಜೆಲ್‌ಗೆ ಮೊದಲ ಸ್ಥಾನ. ಹಾಳೆಯನ್ನು ದಿನಕ್ಕೆ 12 ಗಂಟೆಗೂ ಹೆಚ್ಚು ಕಾಲ, ಎರಡು ಮೂರು ತಿಂಗಳಾದರೂ ಬಿಡದೆ ಧರಿಸಬೇಕು. ತೊಳೆದು ಮತ್ತೆ ಬಳಸುವಂತಹ ಹಾಳೆಗಳೂ ದೊರೆಯುತ್ತವೆ. ಇದರ ಗುಣ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕಾಣದು. ಆದರೆ ತೊಂದರೆ ಅತ್ಯಲ್ಪ. ಸೆಖೆಯ ಊರುಗಳಲ್ಲಿ, ಮುಖ್ಯವಾಗಿ ಚೆನ್ನೈ, ಮುಂಬಯಿಗಳಲ್ಲಿ, ಬೆವರಿನಿಂದ ಹಾಳೆಯ ಅಡಿಯಲ್ಲಿ ಗುಳ್ಳೆಗಳೇಳಬಹುದು. ಅಂತಹವರಿಗೆ ಜೆಲ್ ಅನುಕೂಲ. ಬೆರಳಿನಿಂದ ಕಲೆಯನ್ನು ಮೃದುವಾಗಿ ನೀವುವುದೂ ಗಡುಸುತನವನ್ನು ಕಡಿಮೆ ಮಾಡಬಲ್ಲದು. ಹೊಸ ಕಲೆಗೆ ಬಿಸಿಲು ತಾಗಿದರೆ ಕಪ್ಪುಬಣ್ಣ ನೆಲೆನಿಲ್ಲುತ್ತದೆಯಾದ್ದರಿಂದ ಅದನ್ನು ಮುಚ್ಚಿಕೊಂಡಿರುವುದು ಒಳ್ಳೆಯದು.

ವಿಟಮಿನ್ 'ಇ' ಎಣ್ಣೆಯನ್ನು ಹಚ್ಚುವ ರೂಢಿ ವ್ಯಾಪಕವಾಗಿದ್ದರೂ ಅದರಿಂದ ಲಾಭವಿದೆಯೆಂಬುದು ಸಿದ್ಧಪಟ್ಟಿಲ್ಲ. ಕೆಲವರಿಗೆ ಅಲರ್ಜಿಯ ಕಜ್ಜಿಯಾಗುತ್ತದೆ. ಇದಕ್ಕಿಂತ ಅಪಾಯಕರವಾದುದು, ಬಣ್ಣ ತಿಳಿಯಾಗುತ್ತದೆಂದು ಅಂಗಡಿಯಿಂದ ತಾವಾಗಿಯೇ ಕೊಂಡು ಹಚ್ಚುವ ಸ್ಟೀರಾಯ್ಡ್ ಮುಲಾಮು. ಅದು ಸುತ್ತಲಿನ ಚರ್ಮವನ್ನು ತೆಳ್ಳಗಾಗಿಸುತ್ತದೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರವು 2018ರಲ್ಲಿ ನಿಯಮ ಬಿಗಿಗೊಳಿಸಿತು.

ಉಬ್ಬುಗಲೆ ಮತ್ತು ಕೀಲಾಯ್ಡ್‌ಗಳಿಗೆ ವೈದ್ಯರು ಟ್ರಯಾಮ್ಸಿನೋಲೋನ್ ಎಂಬ ಸ್ಟೀರಾಯ್ಡನ್ನು ಕಲೆಯೊಳಕ್ಕೇ ಚುಚ್ಚುತ್ತಾರೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಿಗೊಮ್ಮೆ, ಹಲವು ಸಲ. ಚುಚ್ಚುವಾಗ ನೋವಾಗುತ್ತದೆ, ಬಿಳಿಚು, ತಗ್ಗು ಉಳಿಯುವ ಸಂಭವವುಂಟು, ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ಏರಬಹುದು. ಲೇಸರ್ ಕಿರಣಗಳಲ್ಲಿ ಒಂದು ಬಗೆ ಕೆಂಪನ್ನೂ ಇನ್ನೊಂದು ಬಗೆ ಒರಟುತನವನ್ನೂ ಕಡಿಮೆ ಮಾಡುತ್ತವೆ. ಭಾರತೀಯರ ಚರ್ಮಕ್ಕೆ ಲೇಸರ್‌ನಿಂದ ಹೊಸ ಕಪ್ಪು ಕಲೆ ಬೀಳುವ ಅಪಾಯ ಹೆಚ್ಚಿರುವುದರಿಂದ ಇದನ್ನು ಸೌಂದರ್ಯ ಮಳಿಗೆಯಲ್ಲಿ ಮಾಡಿಸಿಕೊಳ್ಳತಕ್ಕದ್ದಲ್ಲ, ಅರ್ಹ ಚರ್ಮತಜ್ಞರಲ್ಲಿಯೇ ಮಾಡಿಸಬೇಕು.

ಅಗಲವಾದ, ಅಥವಾ ಒಳಗಿನ ಸ್ನಾಯುಪೊರೆಗೆ ಅಂಟಿಕೊಂಡು ಹಳ್ಳ ಬಿದ್ದ ಕಲೆಗೆ ಸುರೂಪಿಕಾ ಶಸ್ತ್ರಚಿಕಿತ್ಸೆಯೇ ಮಾರ್ಗ. ಹಳೆಯ ಕಲೆಯನ್ನು ತೆಗೆದು, ಅಂಟನ್ನು ಬಿಡಿಸಿ, ಪದರಪದರವಾಗಿ ಹೊಲಿಯುತ್ತಾರೆ. ಚಿಕ್ಕ ಕಲೆಯಾದರೆ ಸ್ಥಳೀಯ ಅರಿವಳಿಕೆ ಸಾಕು. ಇದು ಒಂದು ಕಲೆಯನ್ನು ಕೊಟ್ಟು ಇನ್ನೊಂದನ್ನು ಪಡೆಯುವ ವ್ಯವಹಾರ. ಹೊಸ ಕಲೆ ಮಾಗಲು ಮತ್ತೊಂದು ವರ್ಷ ಬೇಕು. ಜೋತುಬಿದ್ದ ಚರ್ಮವೂ ಇದ್ದರೆ ಕಿಬ್ಬೊಟ್ಟೆಯ ಹೆಚ್ಚುವರಿ ಚರ್ಮವನ್ನು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಯುಂಟು. ಹೊಕ್ಕುಳಿನ ಕೆಳಗಿನ ಕಲೆ ಆ ಚರ್ಮದೊಡನೆ ಹೋಗಬಹುದು, ಆದರೆ ಸೊಂಟದಿಂದ ಸೊಂಟದವರೆಗೆ ಹೊಸ ಕಲೆಯೊಂದು ಉಳಿಯುತ್ತದೆ. ಮುಂದೆ ಮಕ್ಕಳನ್ನು ಬಯಸುವವರು ಇದನ್ನು ಹೆರಿಗೆಗಳು ಮುಗಿಯುವವರೆಗೆ ಮುಂದೂಡುವುದು ಲೇಸು. ಪಿತ್ತಕೋಶಕ್ಕಾಗಿ ಪಕ್ಕೆಯಡಿ ಸೀಳಿದ ಹಳೆಯ ಕಲೆಯಿದ್ದರೆ ಚರ್ಮಕ್ಕೆ ರಕ್ತದ ಪೂರೈಕೆ ಕುಂದಿರುವ ಸಾಧ್ಯತೆಯಿದ್ದು ಗಾಯ ಮಾಯುವುದು ಕಷ್ಟ. ಧೂಮಪಾನಿಗಳಿಗೂ ಇದೇ ಭಯ. ಅವರು ಕನಿಷ್ಠ ನಾಲ್ಕು ವಾರ ಮುಂಚೆ ಬೀಡಿ ಸಿಗರೇಟುಗಳನ್ನು ಬಿಡಬೇಕು.

ಕಲೆಯೆಂದು ಭಾವಿಸಿದ್ದು ಬೇರೆಯೇ ಆಗಿರಬಹುದು. ಕೆಮ್ಮಿದಾಗ ಅಥವಾ ಎದ್ದು ನಿಂತಾಗ ಕಲೆಯ ಜಾಗದಲ್ಲಿ ಉಬ್ಬಿ, ಮಲಗಿದಾಗ ಒಳಸರಿಯುವ ಗಡ್ಡೆ ಹರ್ನಿಯಾ ಆಗಿರುವ ಸಂಭವ ಹೆಚ್ಚು. ಅದು ಒಳಹೋಗದೆ ನೋವು, ವಾಂತಿ ಕಾಣಿಸಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಸಿಸೇರಿಯನ್ ಕಲೆಯಲ್ಲಿ ಪ್ರತಿ ತಿಂಗಳು ಮುಟ್ಟಿನ ವೇಳೆಗೆ ನೋಯುವ ಗಂಟಿದ್ದರೆ ಗರ್ಭಕೋಶದ ಒಳಪೊರೆಯ ಅಂಶ ಅಲ್ಲಿ ನೆಲೆಸಿರಬಹುದು. ಇವೆರಡಕ್ಕೂ ಮುಲಾಮು, ಲೇಸರ್‌ಗಳಿಂದ ಪ್ರಯೋಜನವಿಲ್ಲ.

ಮುಂಬಯಿಯ ಕೆ.ಇ.ಎಂ., ಚೆನ್ನೈಯ ಸ್ಟ್ಯಾನ್ಲಿ, ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಗಳು ಹಾಗೂ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಿವೆ. ಕೇವಲ ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಹರ್ನಿಯಾದಂತಹ ತೊಂದರೆಯಿದ್ದರೆ ಮಾತು ಬೇರೆ. ಮೊದಲ ಶಸ್ತ್ರಚಿಕಿತ್ಸೆ ತವರೂರಿನಲ್ಲಿ ನಡೆದಿದ್ದರೆ ಅಲ್ಲಿನ ಬಿಡುಗಡೆ ಪತ್ರವನ್ನು ತರಿಸಿಕೊಂಡು ಸಂಗಡ ಒಯ್ಯಬೇಕು. ಯಾವ ದಿನ, ಯಾವ ಕಾರಣಕ್ಕೆ, ಯಾವ ಸೀಳು ಹಾಕಲಾಯಿತು, ಒಳಗೆ ಬಲೆ ಇರಿಸಲಾಗಿದೆಯೇ, ಗಾಯ ಕೀವಾಗಿತ್ತೇ ಎಂಬುದನ್ನು ಹೊಸ ವೈದ್ಯರು ಮೊದಲು ಕೇಳುತ್ತಾರೆ.