ವಸತಿ ಶಾಲೆಗೆ ಹೊರಡುವ ಮಕ್ಕಳು ಮತ್ತು ತಲೆಗೂದಲ ಆರೈಕೆ: ಪೋಷಕರ ಗಮನಕ್ಕೆ

ಬೀದರ ಜಿಲ್ಲೆಯ ಕಮಲನಗರವು 2017ರ ಮಾರ್ಚ್ ತಿಂಗಳ ರಾಜ್ಯ ಆಯವ್ಯಯದಲ್ಲಿ ಘೋಷಿತವಾಗಿ, ಔರಾದ ತಾಲ್ಲೂಕಿನಿಂದ ಬೇರ್ಪಟ್ಟು ರಚನೆಯಾದ ತಾಲ್ಲೂಕು. ಇಲ್ಲಿನ ಹಾಗೂ ನೆರೆಯ ಔರಾದ, ಭಾಲ್ಕಿ ತಾಲ್ಲೂಕುಗಳ ಗ್ರಾಮ ಮತ್ತು ತಾಂಡಾಗಳ ಮಕ್ಕಳು ಐದನೆಯ ತರಗತಿ ಮುಗಿಸಿದ ನಂತರ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಹಾಗೂ ಮೆಟ್ರಿಕ್ ಪೂರ್ವ ವಿದ್ಯಾರ್ಥಿ ನಿಲಯಗಳಿಗೆ ಪ್ರವೇಶ ಕೋರಿ ಅರ್ಜಿ ಸಲ್ಲಿಸುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಭಾವಚಿತ್ರ ಮುಂತಾದವುಗಳನ್ನು ಪೋಷಕರು ಮುತುವರ್ಜಿಯಿಂದ ಸಿದ್ಧಪಡಿಸುತ್ತಾರೆ. ಮಗುವು ತನ್ನ ತಲೆಯನ್ನು ತಾನೇ ತೊಳೆದು, ಬಾಚಿ, ಹೆರಳು ಹಾಕಿಕೊಳ್ಳಬಲ್ಲದೇ ಎಂಬುದನ್ನು ಯಾವ ಅರ್ಜಿ ನಮೂನೆಯೂ ಕೇಳುವುದಿಲ್ಲ. ಆದರೆ ಜೂನ್ ತಿಂಗಳಲ್ಲಿ ಮನೆ ಬಿಟ್ಟು ಬಂದ ಹತ್ತು-ಹನ್ನೊಂದು ವರ್ಷದ ಬಾಲಕಿಗೆ ಮೊದಲ ದಿನದ ಬೆಳಿಗ್ಗೆಯೇ ಎದುರಾಗುವ ಕೆಲಸ ಅದು. ತಾಯಿ, ಅಜ್ಜಿ ಅಥವಾ ಅಕ್ಕ ಅಲ್ಲಿರುವುದಿಲ್ಲ. ನಿಲಯದ ಮೇಲ್ವಿಚಾರಕಿಯೊಬ್ಬರು ಅಷ್ಟೂ ಮಕ್ಕಳ ತಲೆ ಬಾಚಲು ಸಾಧ್ಯವೂ ಇಲ್ಲ.

ಆದ್ದರಿಂದ ಈ ಕಲಿಕೆಯನ್ನು ಪ್ರವೇಶ ದೊರೆತ ಮೇಲೆ ಅವಸರದಲ್ಲಿ ಮಾಡಿಸುವ ಬದಲು, ಅರ್ಜಿ ಸಲ್ಲಿಸಿದ ದಿನದಿಂದಲೇ ಆರಂಭಿಸುವುದು ಸೂಕ್ತ. ಬೇಸಿಗೆ ರಜೆಯ ಎರಡು ತಿಂಗಳು ಇದಕ್ಕೆ ಧಾರಾಳವಾಗಿ ಸಾಕು.

ಮನೆಯಲ್ಲಿ ಕಲಿಸುವ ಕ್ರಮ

ಮೊದಲು ಕಲಿಸಬೇಕಾದದ್ದು ಸಿಕ್ಕು ಬಿಡಿಸುವುದನ್ನು. ನೆತ್ತಿಯಿಂದ ಕೆಳಕ್ಕೆ ಹಣಿಗೆ ಎಳೆದರೆ ಸಿಕ್ಕು ಬಿಗಿಯುತ್ತದೆ, ಮಗುವಿಗೆ ನೋವಾಗುತ್ತದೆ. ನೋವಾದ ಮಗು ಬಾಚುವುದನ್ನೇ ಮುಂದೂಡುತ್ತದೆ. ಕೂದಲನ್ನು ಸಿಕ್ಕಿನ ಮೇಲ್ಭಾಗದಲ್ಲಿ ಒಂದು ಕೈಯಿಂದ ಬಿಗಿಯಾಗಿ ಹಿಡಿದು, ತುದಿಯಿಂದ ಪ್ರಾರಂಭಿಸಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬರುವಂತೆ ಅಗಲ ಹಲ್ಲಿನ ಹಣಿಗೆಯಿಂದ ಬಾಚಿಸಬೇಕು. ಗುಂಗುರು ಕೂದಲಿನ ಮಕ್ಕಳಿಗೆ ಕೂದಲು ಇನ್ನೂ ತೇವವಾಗಿರುವಾಗ ಬಾಚುವುದು ಸುಲಭ.

ಹೆರಳು ಹಾಕುವುದನ್ನು ನೇರವಾಗಿ ತಲೆಯ ಮೇಲೆ ಕಲಿಸುವುದಕ್ಕಿಂತ, ಮಂಚದ ಕಾಲಿಗೆ ಮೂರು ಎಳೆ ಹಗ್ಗ ಅಥವಾ ಹಳೆಯ ಸೀರೆಯ ಪಟ್ಟಿಗಳನ್ನು ಕಟ್ಟಿ ಅಭ್ಯಾಸ ಮಾಡಿಸುವುದು ಒಳ್ಳೆಯದು. ಕೈಗೆ ಲಯ ಸಿಕ್ಕ ಮೇಲೆ ಎರಡು ಹೆರಳಿನಿಂದ ಆರಂಭಿಸಬೇಕು. ಎರಡು ಹೆರಳುಗಳನ್ನು ಭುಜದ ಮುಂದಕ್ಕೆ ತಂದುಕೊಂಡು ಕಣ್ಣಾರೆ ನೋಡುತ್ತ ಹೆಣೆಯಬಹುದು. ಬೆನ್ನ ಹಿಂದಿನ ಒಂಟಿ ಹೆರಳು ಚಿಕ್ಕ ಕೈಗಳಿಗೆ ಕಷ್ಟ. ಮೊದಲ ಕೆಲವು ವಾರ ಬೈತಲೆ ಸೊಟ್ಟಗಿದ್ದರೂ ತಾಯಿ ಬಿಚ್ಚಿ ಮತ್ತೆ ಹಾಕದೆ ಹಾಗೆಯೇ ಬಿಡುವುದು ಲೇಸು. ಹೆರಳನ್ನು ಅತಿ ಬಿಗಿಯಾಗಿ ಎಳೆದು ಕಟ್ಟುವ ರೂಢಿಯಿಂದ ಹಣೆಯ ಅಂಚಿನ ಕೂದಲು ಕ್ರಮೇಣ ಉದುರುತ್ತದೆ.

ತಲೆಸ್ನಾನವನ್ನು ವಾರಕ್ಕೆ ಎರಡು ಬಾರಿ ಮಾಡಿದರೆ ಸಾಮಾನ್ಯವಾಗಿ ಸಾಕು. ಬೇಸಿಗೆಯಲ್ಲಿ ನೀರಿನ ಕೊರತೆ ಉಂಟಾಗುವ ಗ್ರಾಮಗಳಲ್ಲಿ, ಒಂದೇ ಬಕೆಟ್ ನೀರಿನಲ್ಲಿ ತಲೆ ತೊಳೆಯುವುದನ್ನು ಮಗು ಕಲಿಯುವುದು ಅಗತ್ಯ. ತಲೆಯನ್ನು ಮುಂದಕ್ಕೆ ಬಾಗಿಸಿ ಕೂದಲನ್ನು ಪೂರ್ಣ ನೆನೆಸಿ, ಶಾಂಪೂವನ್ನು ಅರ್ಧ ಚೊಂಬು ನೀರಿನಲ್ಲಿ ಕದಡಿ, ಉಗುರು ತಾಗಿಸದೆ ಬೆರಳ ತುದಿಗಳಿಂದ ನೆತ್ತಿಯನ್ನು ಉಜ್ಜಿ, ಉಳಿದ ನೀರನ್ನು ಮೂರು-ನಾಲ್ಕು ಸಲ ಸುರಿದುಕೊಂಡರೆ ಕೆಲಸ ಮುಗಿಯಿತು. ಕೊಳವೆಬಾವಿಯ ಗಡಸು ನೀರಿನಲ್ಲಿ ಮೈ ಸಾಬೂನನ್ನು ತಲೆಗೆ ಬಳಸಿದರೆ ನೊರೆಯ ಬದಲು ಬಿಳಿಯ ಜಿಗುಟು ಕೂದಲಿಗೆ ಅಂಟಿಕೊಳ್ಳುತ್ತದೆ. ಸೀಗೆಕಾಯಿ, ಅಂಟುವಾಳ ಅಥವಾ ಶಾಂಪೂವಿನಲ್ಲಿ ಈ ತೊಂದರೆ ಇಲ್ಲ. ಒದ್ದೆ ಕೂದಲಿಗೆ ಹೆರಳು ಹಾಕಿದರೆ ವಾಸನೆ, ತುರಿಕೆ ಬರುತ್ತವೆ. ಶಾಲೆಗೆ ಓಡುವ ಬೆಳಿಗ್ಗೆ ಒಣಗಿಸಲು ಸಮಯವಿರುವುದಿಲ್ಲ. ಭಾನುವಾರ ಮಧ್ಯಾಹ್ನ ಹಾಗೂ ವಾರದ ನಡುವೆ ಒಂದು ಸಂಜೆಯನ್ನು ಇದಕ್ಕೆ ಗೊತ್ತುಪಡಿಸಿಕೊಳ್ಳುವಂತೆ ತಿಳಿಸಬೇಕು. ಡಿಸೆಂಬರ್, ಜನವರಿಯಲ್ಲಿ ಬೀದರಿನ ಚಳಿ ತೀವ್ರವಾದುದರಿಂದ ಸಂಜೆಯ ಬದಲು ಬಿಸಿಲಿರುವ ಹೊತ್ತೇ ಸರಿ.

ಹೇನಿನ ವಿಷಯ

ಮಕ್ಕಳು ಒತ್ತಾಗಿ ಮಲಗುವ, ತಲೆಗೆ ತಲೆ ತಾಗಿಸಿ ಓದುವ ಕಡೆ ಹೇನು ಹರಡುತ್ತದೆ. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ. ಒಂದು ತಲೆಯಿಂದ ಮತ್ತೊಂದು ತಲೆಗೆ ತೆವಳುತ್ತದೆ. ತಲೆಯಿಂದ ಕೆಳಗೆ ಬಿದ್ದ ಹೇನು ಒಂದೆರಡು ದಿನಗಳಲ್ಲಿ ಸಾಯುತ್ತದೆ. ಸ್ವಚ್ಛವಾದ ತಲೆಗೂ ಹೇನು ಹತ್ತುತ್ತದೆ, ಮತ್ತು ತಲೆಹೇನು ಬೇರೆ ಯಾವ ರೋಗವನ್ನೂ ಹರಡುವುದಿಲ್ಲ. ಹೀಗಿರುವಾಗ ಹೇನು ಬಂದ ಮಗುವನ್ನು ಕೊಳಕೆಂದು ದೂರವಿಡುವುದಕ್ಕೆ ಅಥವಾ ತರಗತಿಯಿಂದ ಮನೆಗೆ ಕಳುಹಿಸುವುದಕ್ಕೆ ಆಧಾರವಿಲ್ಲ.

ಸೀರು ಏಳರಿಂದ ಹತ್ತು ದಿನಗಳಲ್ಲಿ ಒಡೆದು ಮರಿ ಹೊರಬರುತ್ತದೆ. ಒಮ್ಮೆ ಬಾಚಿದರೆ ಹೇನು ಮುಗಿಯದಿರುವುದಕ್ಕೆ ಇದೇ ಕಾರಣ. ಕೂದಲಿಗೆ ಹೇರಳವಾಗಿ ಎಣ್ಣೆ ಹಚ್ಚಿ ಅಥವಾ ಒದ್ದೆ ಮಾಡಿ, ಕೂದಲನ್ನು ಭಾಗಗಳಾಗಿ ವಿಂಗಡಿಸಿ, ಒತ್ತು ಹಲ್ಲಿನ ಹೇನು ಹಣಿಗೆಯನ್ನು ನೆತ್ತಿಯ ಚರ್ಮಕ್ಕೆ ತಾಗಿಸಿ ತುದಿಯವರೆಗೆ ಎಳೆಯಬೇಕು. ಪ್ರತಿ ಬಾರಿ ಹಣಿಗೆಯನ್ನು ಬಿಳಿ ಬಟ್ಟೆಗೆ ಒರೆಸಿ ನೋಡಬೇಕು. ಮೂರು-ನಾಲ್ಕು ದಿನಗಳಿಗೊಮ್ಮೆ ಕನಿಷ್ಠ ಎರಡು ವಾರ ಹೀಗೆ ಮಾಡತಕ್ಕದ್ದು. ಕಿವಿಯ ಹಿಂಭಾಗ ಮತ್ತು ಕುತ್ತಿಗೆಯ ಮೇಲ್ಭಾಗವನ್ನು ಮಗು ತಾನೇ ನೋಡಿಕೊಳ್ಳಲಾಗದು. ಇಬ್ಬರು ಗೆಳತಿಯರು ಪರಸ್ಪರ ನೋಡಿಕೊಳ್ಳುವುದನ್ನು ಮನೆಯಲ್ಲಿ ಅಕ್ಕ-ತಂಗಿಯರ ನಡುವೆಯೇ ರೂಢಿಸಬಹುದು. ಇದರಿಂದ ಕಡಿಮೆಯಾಗದಿದ್ದಲ್ಲಿ ವೈದ್ಯರ ಸಲಹೆಯಂತೆ ಶೇ. 1ರ ಪರ್ಮೆಥ್ರಿನ್ ದ್ರಾವಣವನ್ನು ಹತ್ತು ನಿಮಿಷ ಹಚ್ಚಿ ತೊಳೆದು, ಒಂಬತ್ತನೆಯ ದಿನದ ಸುಮಾರಿಗೆ ಮತ್ತೊಮ್ಮೆ ಹಚ್ಚಬೇಕಾಗುತ್ತದೆ.

ಸೀಮೆಎಣ್ಣೆ, ಪೆಟ್ರೋಲ್ ಅಥವಾ ತೊಗರಿ, ಸೋಯಾ ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ತಲೆಗೆ ಹಚ್ಚುವುದನ್ನು ಯಾವುದೇ ಸಂದರ್ಭದಲ್ಲಿ ಮಾಡಕೂಡದು. ಒಲೆಯ ಸಮೀಪ ಹೋದೊಡನೆ ಸೀಮೆಎಣ್ಣೆಯ ಕೂದಲು ಹೊತ್ತಿಕೊಳ್ಳಬಹುದು. ಕೀಟನಾಶಕವು ನೆತ್ತಿಯ ಚರ್ಮದ ಮೂಲಕ, ಅದರಲ್ಲೂ ತುರಿಸಿ ಗಾಯವಾದ ಚರ್ಮದ ಮೂಲಕ, ದೇಹವನ್ನು ಸೇರುತ್ತದೆ. ಇದರಿಂದ ಮಗುವಿನ ಪ್ರಾಣಕ್ಕೇ ಅಪಾಯವಿದೆ. ಅರಿಯದೆ ಹಚ್ಚಿದ್ದು, ಮಗುವಿಗೆ ವಾಂತಿ, ಬಾಯಲ್ಲಿ ಜೊಲ್ಲು, ಅತಿಯಾದ ಬೆವರು, ಉಸಿರಾಟದ ತೊಂದರೆ ಅಥವಾ ಮಂಪರು ಕಂಡುಬಂದರೆ ತಕ್ಷಣ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಬಟ್ಟೆ ಬದಲಿಸಿ ಸಾಬೂನು-ನೀರಿನಿಂದ ತಲೆ, ಮೈ ತೊಳೆಯಬೇಕು. ಔಷಧದ ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯಬೇಕು.

ತಲೆ ಬೋಳಿಸುವುದು ಅಗತ್ಯವಿಲ್ಲ. ಶಿಕ್ಷೆಯಾಗಿ ಅಥವಾ ಒತ್ತಾಯದಿಂದ ಮಗುವಿನ ಕೂದಲು ಕತ್ತರಿಸುವುದಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣವು ನಿಷೇಧಿಸಿರುವ ಮಾನಸಿಕ ಕಿರುಕುಳದ ವ್ಯಾಪ್ತಿಗೆ ಬರುತ್ತದೆ. ಇಂತಹ ಘಟನೆ ನಡೆದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬಹುದು ಅಥವಾ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ನೀಡಬಹುದು.

ಬಾಲಕರು

ಗಿಡ್ಡ ಕೂದಲೆಂದು ಬಾಲಕರಿಗೆ ಏನನ್ನೂ ಕಲಿಸದೆ ಕಳುಹಿಸುವುದು ಸಾಮಾನ್ಯ. ಅವರಿಗೂ ತಲೆ ತೊಳೆಯುವುದು, ಒರೆಸಿಕೊಳ್ಳುವುದು ಮತ್ತು ಪ್ರತ್ಯೇಕ ಹಣಿಗೆ, ಟವೆಲ್ ಇಟ್ಟುಕೊಳ್ಳುವುದು ತಿಳಿದಿರಬೇಕು. ಒಂದೇ ಹಣಿಗೆ ಅಥವಾ ಶುದ್ಧಗೊಳಿಸದ ಕ್ಷೌರದ ಯಂತ್ರದಿಂದ ನೆತ್ತಿಯ ಹುಳುಕಡ್ಡಿ ಹರಡುತ್ತದೆ. ಜಾತಿಯ ಕಾರಣದಿಂದ ಕ್ಷೌರದಂಗಡಿಯಲ್ಲಿ ಕ್ಷೌರ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯನ್ವಯ ಅಪರಾಧವೆಂಬುದನ್ನೂ ಪೋಷಕರು ತಿಳಿದಿರಬೇಕು.

ವೈದ್ಯರನ್ನು ಕಾಣಬೇಕಾದ ಸಂದರ್ಭ

ಕೂದಲು ಒಂದು ಕಡೆ ವೃತ್ತಾಕಾರವಾಗಿ ಉದುರಿ ಹೊಟ್ಟು ಕಂಡರೆ, ನೆತ್ತಿಯಲ್ಲಿ ಕೀವು ಕಟ್ಟಿದರೆ, ಕುತ್ತಿಗೆಯಲ್ಲಿ ಗಂಟು ತೋರಿದರೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ನೆತ್ತಿಯ ಹುಳುಕಡ್ಡಿಯು ಮೇಲೆ ಹಚ್ಚುವ ಮುಲಾಮಿನಿಂದ ಮಾತ್ರ ವಾಸಿಯಾಗುವುದಿಲ್ಲ. ವೈದ್ಯರು ಸೂಚಿಸಿದ ಮಾತ್ರೆಗಳನ್ನು ಕೆಲವು ವಾರ ಸೇವಿಸಬೇಕಾಗುತ್ತದೆ. ತಲೆ ತುಂಬ ಕೂದಲು ತೆಳುವಾಗುತ್ತಿದ್ದು ಮಗು ಬೇಗ ದಣಿಯುತ್ತಿದ್ದರೆ ರಕ್ತಹೀನತೆಯ ಪರೀಕ್ಷೆ ಮಾಡಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಭೇಟಿ ನೀಡಿದಾಗಲೂ ಈ ತೊಂದರೆಗಳನ್ನು ತೋರಿಸಬಹುದು.

ಗಡಿ ಭಾಗದ ಅನೇಕ ಮನೆಗಳಲ್ಲಿ ಮರಾಠಿ, ಉರ್ದು ಅಥವಾ ಲಂಬಾಣಿ ಮಾತನಾಡುತ್ತಾರೆ. ಮನೆಯಲ್ಲಿ ಉವಾ, ಲಿಖಾ ಎಂದು ಕೇಳಿ ಬೆಳೆದ ಮಗು ನಿಲಯದಲ್ಲಿ ತನ್ನ ತೊಂದರೆಯನ್ನು ಹೇಳಲಾರದೆ ಸುಮ್ಮನಿದ್ದುಬಿಡುವುದುಂಟು. ಹೇನು, ಸೀರು, ತುರಿಕೆ, ಗಾಯ ಎಂಬ ನಾಲ್ಕು ಕನ್ನಡ ಪದಗಳನ್ನು ಹೊರಡುವ ಮೊದಲೇ ಹೇಳಿಕೊಡಬೇಕು.

ನಿಲಯಕ್ಕೆ ಕಳುಹಿಸುವಾಗ ಅಗಲ ಹಲ್ಲಿನ ಒಂದು ಹಣಿಗೆ, ಒಂದು ಹೇನು ಹಣಿಗೆ, ತಲೆ ಒರೆಸಲು ಪ್ರತ್ಯೇಕ ಬಟ್ಟೆ, ರಿಬ್ಬನ್ ಮತ್ತು ಸಣ್ಣ ಕನ್ನಡಿಯನ್ನು ಮಗುವಿನ ಹೆಸರು ಬರೆದು ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಎಣ್ಣೆ, ಸಾಬೂನು ಮುಂತಾದವು ನಿಲಯದಿಂದ ಯಾವ ಪ್ರಮಾಣದಲ್ಲಿ ದೊರೆಯುತ್ತವೆ ಎಂಬುದನ್ನು ಪ್ರವೇಶದ ದಿನ ನಿಲಯ ಮೇಲ್ವಿಚಾರಕರಲ್ಲಿ ವಿಚಾರಿಸಿ ತಿಳಿದುಕೊಳ್ಳಬಹುದು.